ವಿಸ್ತಿನ್ ಕಟ್ಟಿದ ಬಾವುಟ

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದ ವಿಸ್ತಿನ್ ಮಿಫ್ಸುದ್ ಇಂಗ್ಲೆಂಡನ್ನು ಕಂಡವನಲ್ಲ. ಅವನ ಅಪ್ಪನೂ ಕಂಡವನಲ್ಲ. ಅಪ್ಪ ಮಾಲ್ಟಾ ದ್ವೀಪದಿಂದ ಈಜಿಪ್ಟಿಗೆ ಬಂದು ನಮ್ಮ ಪೋರ್ಟ್ ಸೈದಿನ ಬಂದರಿನಲ್ಲಿ ಹಡಗುಗಳಿಗೆ ಕಲ್ಲಿದ್ದಲು ತುಂಬುತ್ತಿದ್ದ. ಮಾಲ್ಟಾ ಇಂಗ್ಲಿಷರ ಕೈಯಲ್ಲಿದ್ದದ್ದರಿಂದ ಅವನು ಇಂಗ್ಲೆಂಡಿನ ಪ್ರಜೆ, ಅವನಿಗೆ ಇಲ್ಲೇ ಹುಟ್ಟಿದ ವಿಸ್ತಿನನೂ ಇಂಗ್ಲೆಂಡಿನ ಪ್ರಜೆ, ವಿಸ್ತಿನನಿಗೆ ಇಲ್ಲೇ ಹುಟ್ಟಿದ ಸಲ್ವು ಕೂಡ ಇಂಗ್ಲೆಂಡಿನ ಪ್ರಜೆ. ಮೂರು ತಲೆಮಾರು ಕೂಡಿಸಿದರೂ ಆ ಮನೆಯಲ್ಲಿ ಹತ್ತು ನಿಮಿಷ ಮಾತಾಡುವಷ್ಟು ಇಂಗ್ಲಿಷ್ ಇರಲಿಲ್ಲ. ಗಂಡ ಹೆಂಡತಿ ಮಾಲ್ಟಾದ ಭಾಷೆಯಲ್ಲಿ ಜಗಳವಾಡುತ್ತಿದ್ದರು, ಇಟಾಲಿಯನ್ನಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಮಗನ ಜೊತೆ, ನಮ್ಮ ಜೊತೆ, ತರಕಾರಿಯವನ ಜೊತೆ ಅರಬ್ಬಿ.

ನಾನು ಗ್ರೀಕಳು, ಹೆಸರು ಎವಾಂಥಿಯಾ. ಎರಡನೆಯ ಮಹಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹೆಂಗಸರ ಬಟ್ಟೆ ಹೊಲಿಯುತ್ತಿದ್ದೆ, ಈಗಲೂ ಹೊಲಿಯುತ್ತೇನೆ. ನಾನೂ ಅಥೆನ್ಸ್ ಕಂಡವಳಲ್ಲ. ಆದರೆ ನನ್ನನ್ನು ಯಾರೂ ಊರು ಬಿಡು ಎನ್ನಲಿಲ್ಲ. ಐವತ್ತಾರನೆಯ ಇಸವಿಯಲ್ಲಿ ಗ್ರೀಸ್ ಈಜಿಪ್ಟಿನ ಮೇಲೆ ಬಾಂಬು ಹಾಕಿರಲಿಲ್ಲ, ಅಷ್ಟೇ ನನ್ನ ಪುಣ್ಯ.

ಇಂಗ್ಲೆಂಡಿನ ಬಾವುಟವೊಂದು ವಿಸ್ತಿನನಿಗೆ ಅಪ್ಪನಿಂದ ಬಂದ ಆಸ್ತಿ. ಯಾವುದೋ ಹಡಗಿನವರು ಹಳೆಯದಾಯಿತೆಂದು ಕೊಟ್ಟು ಹೋಗಿದ್ದು. ನಮ್ಮೂರಿನ ಮಾಲ್ಟಾದವರಲ್ಲಿ ಒಂದು ರೂಢಿಯಿತ್ತು: ಇಂಗ್ಲೆಂಡಿನ ರಾಜನ ಹುಟ್ಟುಹಬ್ಬ ಬಂದರೆ ಬಾಲ್ಕನಿಗೆ ಬಾವುಟ ಕಟ್ಟುವುದು, ಸಂಜೆಗೆ ಬಿಚ್ಚಿ ಮಡಿಚಿಡುವುದು. ರಾಜ ಸತ್ತು ರಾಣಿ ಬಂದ ಮೇಲೂ ಅದು ನಿಲ್ಲಲಿಲ್ಲ. ನಿಜವಾದ ಇಂಗ್ಲಿಷರು ಕಡಲ ಕಡೆಯ ದೊಡ್ಡ ಮನೆಗಳಲ್ಲಿದ್ದರು; ಅವರ ಕ್ಲಬ್ಬಿನ ಹೊಸ್ತಿಲನ್ನು ವಿಸ್ತಿನ್ ದಾಟಿದ್ದು ಒಂದೇ ಸಲ, ಅದೂ ಬಾಯ್ಲರ್ ರಿಪೇರಿಗೆ. ಆದರೂ ಆ ದಿನ ಬಂತೆಂದರೆ ಬಿಳಿ ಅಂಗಿ ತೊಟ್ಟು, ಮೀಸೆಗೆ ಎಣ್ಣೆ ಹಚ್ಚಿ, ಬಾವುಟದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ನೆಲಮಹಡಿಯ ಹಜ್ಜಾ ನಫೀಸಾ ಮೆಕ್ಕಾ ಯಾತ್ರೆ ಮುಗಿಸಿ ಬಂದ ಮುದುಕಿ, ನಾಲಿಗೆಯನ್ನು ಮಾತ್ರ ಯಾತ್ರೆಗೆ ಕರೆದುಕೊಂಡು ಹೋಗಿರಲಿಲ್ಲ. ಅಂಗಳದಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

"ಅಬು ಸಲ್ವು, ನಿಮ್ ರಾಣಿ ಲಂಗ ಇನ್ನೂ ಒಣಗಿಲ್ವೇನಪ್ಪ? ನಮ್ ಬಟ್ಟೆಗೂ ಒಂಚೂರು ಜಾಗ ಬಿಡು."

ಅಬು ಸಲ್ವು, ಅಂದರೆ ಸಲ್ವುವಿನ ಅಪ್ಪ ಎಂದೇ ಬೀದಿ ಅವನನ್ನು ಕರೆಯುತ್ತಿದ್ದದ್ದು, ಅವನ ಹೆಂಡತಿ ಪಾವ್ಲಾಳನ್ನು ಉಮ್ಮು ಸಲ್ವು, ಸಲ್ವುವಿನ ಅಮ್ಮ ಎಂದು. ವಿಸ್ತಿನ್ ನಗುತ್ತ ಕೈಯೆತ್ತಿ ಸಲಾಂ ಮಾಡುತ್ತಿದ್ದ. ಅದರಲ್ಲಿ ಯಾರಿಗೂ ವಿಷ ಇರಲಿಲ್ಲ.

ನಗು ಬಾರದವನು ಸಲ್ವು ಒಬ್ಬನೇ. ಇಪ್ಪತ್ತರ ಹುಡುಗ, ಅಪ್ಪನ ಜೊತೆಯಲ್ಲೇ ಊರಿನ ಹಡಗು ಕಾಲುವೆಯ ಕಂಪನಿ ಕಾರ್ಖಾನೆಗೆ ಹೋಗಿ ಬರುತ್ತಿದ್ದ. ಬೇಯಿಸಿದ ಅವರೆ ಮಾರುವವನ ಮಗ ಶೆಹಾತಾನ ಜೊತೆ ಬೆಳೆದವನು. ಇಬ್ಬರೂ ಒಂದೇ ಬೀದಿಯ ಧೂಳು, ಒಂದೇ ಕಾಲುವೆಯ ನೀರು. ಆ ವರ್ಷದ ಬೇಸಿಗೆಯಲ್ಲಿ ಇಂಗ್ಲಿಷರ ಕೊನೆಯ ಪಡೆ ನಮ್ಮೂರಿಂದ ಹಡಗು ಹತ್ತಿ ಹೋಯಿತು, ಊರು ಪಟಾಕಿ ಹೊಡೆಯಿತು. ಅದೇ ತಿಂಗಳು ರಾಣಿಯ ಹುಟ್ಟುಹಬ್ಬ. ವಿಸ್ತಿನ್ ಬಾವುಟ ತೆಗೆದ. ಸಲ್ವು ಅದನ್ನು ಅವನ ಕೈಯಿಂದ ಕಿತ್ತುಕೊಂಡ. ಆ ಜಗಳವನ್ನು ನನ್ನ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದೆ, ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಈ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಬೇಡವೇ ಎಂದು ಮಗ, ಅಜ್ಜನ ಮರ್ಯಾದೆ ಏನಾಗಬೇಕು ಎಂದು ಅಪ್ಪ. ಕೊನೆಗೆ, ಆಮೇಲೆ ಅವಳೇ ನನಗೆ ಹೇಳಿದಂತೆ, ಪಾವ್ಲಾ ಸಂತ ಜೋಸೆಫನ ಪಟವನ್ನು ಗೋಡೆಯಿಂದ ಇಳಿಸಿ ಗಂಡನ ಮುಂದೆ ಹಿಡಿದಳು. ಇನ್ನು ಮೇಲೆ ಇದನ್ನು ಬಾಲ್ಕನಿಗೆ ಕಟ್ಟುವುದಿಲ್ಲ ಎಂದು ವಿಸ್ತಿನ್ ಪಟ ಮುಟ್ಟಿ ಮಾತು ಕೊಟ್ಟ. ಮಗನ ಕಣ್ಣೆದುರಿಗೇ ಬಾವುಟವನ್ನು ಪಾವ್ಲಾಳ ಮದುವೆಯ ಟ್ರಂಕಿನ ತಳಕ್ಕೆ ಹಾಕಿದ. ಸಲ್ವು ಅಪ್ಪನ ಕೈಗೆ ಮುತ್ತಿಟ್ಟ. ಆ ಸಂಜೆ ಅವರ ಮನೆಯಿಂದ ಹುರಿದ ಮೀನಿನ ವಾಸನೆ ಬಂತು. ಮನೆಯಲ್ಲಿ ಸಮಾಧಾನವಾದಾಗ ಪಾವ್ಲಾ ಮೀನು ಹುರಿಯುತ್ತಿದ್ದಳು.

ಬೇಸಿಗೆ ಮುಗಿಯುವ ಮೊದಲೇ ಕಾಲುವೆ ಇಂಗ್ಲಿಷರ ಪಾಲಿದ್ದ ಕಂಪನಿಯ ಕೈಬಿಟ್ಟು ಈಜಿಪ್ಟಿನದಾಯಿತು. ಚಳಿಗಾಲದ ಮಳೆಯ ಮೊದಲ ಮೋಡಕ್ಕೆ ಮುಂಚೆ ಇಂಗ್ಲಿಷರ ವಿಮಾನಗಳು ಬಂದವು.

ಒಂದು ಬೆಳಿಗ್ಗೆ ಈಜಿಪ್ಟ್ ಸರ್ಕಾರದ ಲಾರಿಗಳು ಬೀದಿ ಬೀದಿಗೆ ಬಂದು ಬಂದೂಕು ಹಂಚಿದವು. ಕೇಳಿದವರಿಗೆಲ್ಲ ಕೊಟ್ಟರು. ಶೆಹಾತಾ ಒಂದು ತೆಗೆದುಕೊಂಡ, ಸಲ್ವು ಒಂದು ತೆಗೆದುಕೊಂಡ. ಪೆಟ್ಟಿಗೆಯಿಂದ ಬಂದೂಕು ಎತ್ತಿ ಕೊಟ್ಟವನು ಹೆಸರು ಕೇಳಲಿಲ್ಲ. ಅಮ್ಮನಿಗೆ ಹೇಳಿ ಹೋಗಲು ಸಲ್ವು ಮೇಲೆ ಬಂದ. ಗಲಾಟೆ ಕೇಳಿ ನಾನೂ ಮೆಟ್ಟಿಲಿಗೆ ಬಂದೆ. ವಿಸ್ತಿನ್ ಬಾಗಿಲಿಗೆ ಅಡ್ಡ ನಿಂತಿದ್ದ.

"ನಿನ್ನ ಪಾಸ್‌ಪೋರ್ಟಲ್ಲಿ ಏನಂತ ಬರ್ದಿದೆ ಗೊತ್ತೇನೋ ನಿಂಗೆ?"

"ಗೊತ್ತಪ್ಪ," ಎಂದ ಸಲ್ವು. "ಬಾಂಬಿಗೆ ಓದಕ್ಕೆ ಬರಲ್ಲ."

ವಿಸ್ತಿನ್ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಸಲ್ವು ಅಮ್ಮನನ್ನು ತಬ್ಬಿಕೊಂಡು, ಊಟ ಎತ್ತಿಡು ಎಂದು ಹೇಳಿ ಇಳಿದು ಹೋದ. ಅವಳು ಹೆಣೆದ ಕಂದು ಸ್ವೆಟರ್ ಹಾಕಿಕೊಂಡಿದ್ದ. ಬಂದೂಕನ್ನು ಹೇಗೆ ಹಿಡಿಯಬೇಕೆಂದು ಗೊತ್ತಿಲ್ಲದೆ ಕೊಡೆಯಂತೆ ಕಂಕುಳಲ್ಲಿ ಇಟ್ಟುಕೊಂಡಿದ್ದ. ನಾನು ಅವನನ್ನು ಆಮೇಲೆ ಕಾಣಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ, ಸಲ್ವು ಬರುತ್ತಾನೋ ಇಲ್ಲವೋ. ಯುದ್ಧ ಯಾರು ಗೆದ್ದರೂ ಪಾವ್ಲಾಗೆ ಒಂದೇ ಆಗಿತ್ತು. ಪಕ್ಕದ ಕಿಟಕಿಯಿಂದ ಬೀದಿಯ ಮೂಲೆ ಕಾಣುತ್ತಿತ್ತು. ಅಲ್ಲಿಗೆ ಕುರ್ಚಿ ಎಳೆದುಕೊಂಡು, ಮರದ ಕಿಟಕಿ ಬಾಗಿಲಿನ ಸಂದಿಗೆ ಕಣ್ಣಿಟ್ಟು ಕೂತಳು. ಊಟ ಎತ್ತಿಡುತ್ತಿದ್ದಳು, ಮರುದಿನ ಅದನ್ನು ತೆಗೆದು ಹೊಸದು ಇಡುತ್ತಿದ್ದಳು.

ಆಮೇಲೆ ಇಂಗ್ಲಿಷರ ಸೈನಿಕರು ಪ್ಯಾರಾಚೂಟು ಕಟ್ಟಿಕೊಂಡು ಆಕಾಶದಿಂದ ಇಳಿದರು. ಅದರ ಮರುದಿನ ಕಡಲಿನ ಕಡೆಯಿಂದ ಹಡಗುಗಳು ಗುಂಡು ಹಾರಿಸತೊಡಗಿದವು. ಅರಬ್ಬರ ಕೇರಿಯ ಮರದ ಮನೆಗಳಿಗೆ ಬೆಂಕಿ ಬಿದ್ದು ಹೊಗೆ ನಮ್ಮ ಬೀದಿಯವರೆಗೂ ಬಂತು. ಕೆಳಗಿನ ಮಹಡಿಗಳಿಗೆ ಬೀದಿಯ ಗುಂಡು ನೇರವಾಗಿ ಬಡಿಯುತ್ತಿತ್ತು; ನಮ್ಮ ಕಟ್ಟಡದಲ್ಲಿ ಬೀದಿಯಿಂದ ಒಳಗಿದ್ದ ಗಟ್ಟಿ ಗೋಡೆಯ ಕೋಣೆಯೆಂದರೆ ಮಿಫ್ಸುದ್ ಮನೆಯ ನಡುಕೋಣೆ ಮಾತ್ರ. ಹಜ್ಜಾ ನಫೀಸಾ ಸೊಸೆಯರನ್ನೂ ಮೊಮ್ಮಕ್ಕಳನ್ನೂ ಎಳೆದುಕೊಂಡು ಮೇಲೆ ಬಂದಳು, ನಾನೂ ಹೋದೆ. ಎಲ್ಲರೂ ಗೋಡೆಗೆ ಆತು ಕೂತೆವು. ಟ್ಯಾಂಕುಗಳು ಬಂದರಿನ ಕಡೆಯಿಂದ ಬೀದಿ ಬೀದಿಯಾಗಿ ಮುಂದೆ ಬರುತ್ತಿದ್ದವು. ಗುಂಡು ಬಂದ ಮನೆಯನ್ನು ನೆಲಸಮ ಮಾಡುತ್ತಾರೆ ಎಂದು ಓಡಿ ಬಂದ ಯಾರೋ ಹೇಳಿದರು. ನಮ್ಮ ಮಾಳಿಗೆಯಿಂದ ಬೆಳಿಗ್ಗೆಯಷ್ಟೇ ಯಾರೋ ಗುಂಡು ಹಾರಿಸಿದ್ದರು. ಮಕ್ಕಳು ಅಳುವುದನ್ನೂ ನಿಲ್ಲಿಸಿದ್ದವು.

ಹಜ್ಜಾಳೇ ಬಾಯಿ ಬಿಟ್ಟಳು. ಅದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಆಮೇಲೆ ಬೀದಿಗೆ ಅದು ಮರೆತುಹೋಯಿತು.

"ಅಬು ಸಲ್ವು, ನಿನ್ ರಾಣಿ ಬಟ್ಟೆ ಎಲ್ಲಪ್ಪ? ಕಟ್ಟು ಅದನ್ನ. ಈ ಮಕ್ಕಳ ಮುಖ ನೋಡಿ ಕಟ್ಟು."

ವಿಸ್ತಿನ್ ತಲೆಯಾಡಿಸಿದ. ಮಗನಿಗೆ ಮಾತು ಕೊಟ್ಟಿದ್ದೇನೆ, ಪಟ ಮುಟ್ಟಿದ್ದೇನೆ ಎಂದ. ಹಜ್ಜಾ ಅವನ ಕಾಲು ಹಿಡಿದಳು. ಅವನು ಹೆಂಡತಿಯ ಕಡೆ ನೋಡಿದ. ಪಾವ್ಲಾ ಕಿಟಕಿಯಿಂದ ತಲೆ ತಿರುಗಿಸದೆಯೇ ಮಾತಾಡಿದಳು.

"ಕಟ್ಟು. ಅವನು ಬರಕ್ಕೆ ಮನೆ ಅಂತ ಒಂದಿರ್ಬೇಕಲ್ಲ."

ಟ್ರಂಕಿನ ತಳದಿಂದ ಬಾವುಟ ಬಂತು. ಒಂದು ಮೂಲೆಯ ದಾರ ಕಿತ್ತಿತ್ತು. ನನ್ನ ಅಂಗಿಗೆ ಚುಚ್ಚಿದ್ದ ಸೂಜಿಯಿಂದ ಅಲ್ಲೇ ಎರಡು ಹೊಲಿಗೆ ಹಾಕಿ ಕೊಟ್ಟೆ. ವಿಸ್ತಿನ್ ಹೊಟ್ಟೆಯ ಮೇಲೆ ತೆವಳುತ್ತ ಬಾಲ್ಕನಿಗೆ ಹೋಗಿ ಕಂಬಿಗೆ ಬಿಗಿದು ಬಂದ. ಟ್ಯಾಂಕು ಮೂಲೆಗೆ ಬಂದು ನಿಂತಿತು. ಅದರ ತೋಪಿನ ಕೊಳವೆ ನಮ್ಮ ಕಡೆ ತಿರುಗಿತು, ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಎದುರುಸಾಲಿನ ಕಡೆ ತಿರುಗಿತು. ಎದುರಿನ ಮನೆಯ ಮೇಲಂತಸ್ತು ಅಂಗಡಿಯ ಮೇಲೆ ಕುಸಿಯಿತು. ನಮ್ಮದರಲ್ಲಿ ಗಾಜು ಒಡೆದದ್ದು ಬಿಟ್ಟರೆ ಏನೂ ಆಗಲಿಲ್ಲ. ಹಜ್ಜಾ ವಿಸ್ತಿನನ ಹಣೆಗೆ ಮುತ್ತಿಟ್ಟು ಅಲ್ಲಾಹನ ಹೆಸರಿನಲ್ಲಿ ಹರಸಿದಳು.

ಇಳಿಹೊತ್ತಿಗೆ ಸೈನಿಕರು ಬಂದೂಕು ಹುಡುಕುತ್ತ ಮನೆಮನೆಗೆ ನುಗ್ಗಿದರು. ನಮ್ಮ ಕಟ್ಟಡದೊಳಕ್ಕೂ ಬೂಟಿನ ಸದ್ದು ಬಂತು. ವಿಸ್ತಿನ್ ಬಿಳಿ ಅಂಗಿ ತೊಟ್ಟುಕೊಂಡ, ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದ. ಅವನ ಹಿಂದೆ ನಾನು, ಏಕೆಂದರೆ ನನ್ನ ಬಾಗಿಲಿನ ಬೀಗದ ಕೈ ನನ್ನ ಹತ್ತಿರವಿತ್ತು. ತನಗೆ ಬರುತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ ಅವನು ಮಾತಾಡಿದ. ಸಾರ್ಜೆಂಟನೊಬ್ಬ ಪಾಸ್‌ಪೋರ್ಟು ನೋಡಿದ, ಇವನ ಮುಖ ನೋಡಿದ, ಮತ್ತೆ ಪಾಸ್‌ಪೋರ್ಟು ನೋಡಿದ. ಇದನ್ನು ಎಲ್ಲಿ ಕದ್ದೆ ಎಂದು ಕೇಳಿದ. ಅಷ್ಟು ಇಂಗ್ಲಿಷ್ ನನಗೂ ಅರ್ಥವಾಯಿತು. ಹಿಂದಿದ್ದವರು ನಕ್ಕರು. ಒಬ್ಬ ವಿಸ್ತಿನನನ್ನು ಗೋಡೆಗೆ ತಿರುಗಿಸಿ, ಕೈ ಮೇಲೆತ್ತಿಸಿ ಮೈಯೆಲ್ಲ ತಡಕಿದ. ಅಂಗಿಯ ಜೇಬು ಹರಿದು ನೇತಾಡಿತು. ಅವನು ಗೋಡೆಗೆ ಮುಖ ಮಾಡಿಕೊಂಡೇ ರಾಣಿಯ ಹೆಸರು ಹೇಳುತ್ತಿದ್ದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಕೊನೆಗೆ ಏನನ್ನಿಸಿತೋ, ಪಾಸ್‌ಪೋರ್ಟನ್ನು ಅವನ ಎದೆಗೆ ತುರುಕಿ, ಮೇಲಿನ ಮಹಡಿಗೆ ಹೋಗದೆ ಹೊರಟುಹೋದರು.

ವಿಸ್ತಿನ್ ಮನೆಯೊಳಕ್ಕೆ ಬಂದಾಗ ಹರಿದ ಜೇಬನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದ, ಆದರೆ ಮುಖದಲ್ಲಿ ಹೆಮ್ಮೆಯಿತ್ತು. ನೋಡಿದಿರಾ, ಬಾಗಿಲು ಒಡೆಯಲಿಲ್ಲ, ಎಷ್ಟೆಂದರೂ ನಮ್ಮವರು ಎಂದ. ಪಾವ್ಲಾ ತಿರುಗಲಿಲ್ಲ. ಸಂದಿಗೆ ಕಣ್ಣಿಟ್ಟೇ ಕೂತಿದ್ದಳು. ಕೈಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿದ್ದಳು, ಬೆರಳಿನ ಗೆಣ್ಣಿನಲ್ಲಿ ರಕ್ತ ಬಂದಿತ್ತು. ಭಯಕ್ಕೆ ಹೀಗಾಗಿದೆ ಎಂದುಕೊಂಡು ನಾನು ನೀರು ಕುಡಿಸಿದೆ.

ಮರುದಿನ ಬೆಳಗಾಗುತ್ತಲೇ ಗುಂಡು ನಿಂತಿತು. ಪಾವ್ಲಾ ಎದ್ದು ಬಾಲ್ಕನಿಗೆ ಹೋಗಿ ಬಾವುಟವನ್ನು ಬಿಚ್ಚದೆ ಎಳೆದು ಕಿತ್ತು ತಂದು ನೆಲಕ್ಕೆ ಎಸೆದಳು. ನಾನು ಹಾಕಿದ ಹೊಲಿಗೆ ಹರಿಯಿತು. ವಿಸ್ತಿನ್ ಅದನ್ನು ಎತ್ತಿ ಧೂಳು ಕೊಡವಿ ಮಡಿಚಿದ.

ಕೆಲವು ದಿನಗಳ ಮೇಲೆ, ಮನೆಯಿಂದ ಹೊರಗೆ ಬರಲು ಇಂಗ್ಲಿಷರು ಬಿಟ್ಟ ಹೊತ್ತಿನಲ್ಲಿ, ಶೆಹಾತಾ ಅಪ್ಪನ ತಾಮ್ರದ ಹಂಡೆ ಹೊತ್ತುಕೊಂಡು ಅವರೆ ಮಾರುವವನಂತೆ ನಮ್ಮ ಬೀದಿಗೆ ಬಂದ. ಮೂರನೆಯ ಮಹಡಿಗೆ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ನನ್ನ ಬಾಗಿಲು ತಟ್ಟಿ ಒಳಗೆ ಬಂದು ಹೊಲಿಗೆ ಯಂತ್ರದ ಪಕ್ಕದಲ್ಲಿ ನೆಲಕ್ಕೆ ಕೂತ. ಅವನ ಮುಖ ನೋಡಿದ ಮೇಲೆ ನಾನು ಏನೂ ಕೇಳಬೇಕಾಗಲಿಲ್ಲ.

"ಮನೆಗೆ ಅಂತಲೇ ಬಂದಿದ್ವಿ ಖಾಲ್ತಿ," ಎಂದ. ಇಲ್ಲಿಯ ಹುಡುಗರು ತಾಯಿಯ ತಂಗಿಯನ್ನು ಕರೆಯುವ ಹಾಗೆ ನನ್ನನ್ನು ಚಿಕ್ಕಂದಿನಿಂದ ಹಾಗೆ ಕರೆಯುತ್ತಿದ್ದ. "ಸಾಕಾಗಿತ್ತು ಅವ್ನಿಗೆ. ಬಂದೂಕು ಮೆಟ್ಟಿಲ ಕೆಳಗೆ ಬಚ್ಚಿಟ್ಟು ಮೇಲೆ ಹೋಗ್ತೀನಿ, ಅಮ್ಮ ಅನ್ನ ಎತ್ತಿಟ್ಟಿರ್ತಾಳೆ ಅಂದ. ಮೂಲೇಲಿ ನಿಂತು ನೋಡಿದ್ವಿ. ಬಾಲ್ಕನೀಲಿ ಬಾವುಟ."

"ಅವರಪ್ಪ ಕಟ್ಟಿದ್ದು ಕಣೋ," ಎಂದೆ.

"ನಾನೂ ಅದೇ ಅಂದೆ. ಇಲ್ಲ ಅಂದ. ನಮ್ಮಪ್ಪ ಪಟ ಮುಟ್ಟಿ ಮಾತು ಕೊಟ್ಟಿದ್ದಾನೆ, ಸತ್ರೂ ಕಟ್ಟಲ್ಲ, ಇಂಗ್ಲಿಷೋರು ಮನೇಲಿ ಕೂತಿದ್ದಾರೆ ಅಂದ. ನಾನೀಗ ಹೋದ್ರೆ ಅಮ್ಮನ್ನ ಹಿಡ್ಕೋತಾರೆ ಅಂದ. ವಾಪಸ್ ತಿರುಗಿದ್ವಿ. ಮೀನಿನ ಮಾರ್ಕೆಟ್ಟು ದಾಟಿರ್ಲಿಲ್ಲ ಖಾಲ್ತಿ, ಅವ್ನಿಗೆ ಗುಂಡು ಬಿತ್ತು."

ಬಂದೂಕು ಸಲ್ವುವಿನ ಕೈಯಲ್ಲೇ ಇತ್ತಂತೆ. ಶೆಹಾತಾ ಒಂದು ಅಂಗಡಿಯ ಕಟ್ಟೆಯ ಕೆಳಗೆ ಉರುಳಿ ಉಳಿದುಕೊಂಡ. ಆಮೇಲೆ ಬೀದಿಯಲ್ಲಿ ಬಿದ್ದವರನ್ನೆಲ್ಲ ಗಾಡಿಯಲ್ಲಿ ಹಾಕಿಕೊಂಡು ಹೋಗಿ, ಸ್ಮಶಾನದ ಆಚೆ ಮರಳಿನಲ್ಲಿ ಉದ್ದಕ್ಕೆ ಅಗೆದು, ಎಲ್ಲರಿಗೂ ಒಂದೇ ಪ್ರಾರ್ಥನೆ ಹೇಳಿ ಮುಚ್ಚಿದರಂತೆ. ಯಾವ ಜಾಗ ಎಂದು ಕೇಳಿದೆ. ತನಗೂ ಗುರುತು ಹೇಳಲಾಗದು ಎಂದ.

ಅವನ ಬಾಯಿಂದ ಈ ಮಾತು ಇನ್ನೆಲ್ಲೂ ಹೊರಡಕೂಡದೆಂದು ಆಣೆ ಮಾಡಿಸಿಕೊಂಡೆ. ಕಟ್ಟು ಎಂದವಳು ಪಾವ್ಲಾ, ಕಟ್ಟಿದವನು ವಿಸ್ತಿನ್, ಹೊಲಿಗೆ ಹಾಕಿದವಳು ನಾನು, ಕಾಲು ಹಿಡಿದವಳು ಹಜ್ಜಾ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ನಿಜ ಹೇಳಿ ಯಾರನ್ನು ಬದುಕಿಸುವುದಿತ್ತು? ಮೇಲೆ ಹೋಗಿ, ಸಲ್ವು ಮೊದಲನೆಯ ದಿನವೇ ವಿಮಾನ ನಿಲ್ದಾಣದ ಹತ್ತಿರ ಸತ್ತನಂತೆ, ನೋವಾಗಲಿಲ್ಲವಂತೆ, ನಮ್ಮ ಬೀದಿಯ ಕಡೆ ಬರುವುದಕ್ಕೇ ಆಗಲಿಲ್ಲವಂತೆ ಎಂದು ಹೇಳಿದೆ. ಸುಳ್ಳನ್ನು ಇಷ್ಟು ಸಲೀಸಾಗಿ ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ವಿಸ್ತಿನ್ ಗೋಡೆಗೆ ತಲೆ ಚಚ್ಚಿಕೊಂಡ. ಹಜ್ಜಾ ಓಡಿ ಬಂದು ಅವನ ತಲೆಯನ್ನು ಹಿಡಿದುಕೊಂಡಳು, ಅವಳ ಸೊಸೆಯರು ಎದೆ ಬಡಿದುಕೊಂಡು ಅತ್ತರು. ಪಾವ್ಲಾ ಎದ್ದು ಅಡುಗೆಮನೆಗೆ ಹೋದಳು. ಹಿಂದೆಯೇ ಹೋದೆ. ಎತ್ತಿಟ್ಟ ತಟ್ಟೆಯ ಮುಚ್ಚಳ ತೆಗೆದು ನೋಡುತ್ತ ನಿಂತಿದ್ದಳು.

"ಸುಳ್ಳು ಹೇಳ್ಬೇಡ ಎವಾಂಥಿಯಾ," ಎಂದಳು, ಮೆತ್ತಗೆ. "ಅವನು ಬಂದಿದ್ದ. ನಾನು ನೋಡ್ದೆ."

ನಾನು ಅಡುಗೆಮನೆಯ ಬಾಗಿಲು ಹಾಕಿದೆ.

"ಮೂಲೇಲಿ ನಿಂತಿದ್ದ. ಅದೇ ಸ್ವೆಟರು. ತಲೆಯೆತ್ತಿ ಬಾಲ್ಕನಿ ನೋಡ್ದ. ನೀವಿಬ್ರೂ ಮೆಟ್ಟಿಲಲ್ಲಿದ್ರಿ, ಆ ಸೈನಿಕರೂ ಅಲ್ಲೇ ಇದ್ರು. ಕೂಗಿದ್ರೆ ಅವರು ಹೊರಗೆ ಬರ್ತಿದ್ರು, ಅವನ ಕೈಯಲ್ಲಿ ಬಂದೂಕಿತ್ತು. ಕೂಗ್ದೆ ಇದ್ರೆ ಹೋಗ್ಬಿಡ್ತಾನೆ ಅಂತ ಗೊತ್ತಾಯ್ತು. ನಾನು ಕೂಗ್ಲಿಲ್ಲ."

ಅವಳನ್ನು ಹಿಡಿದುಕೊಳ್ಳಲು ಹೋದೆ. ನನ್ನ ಕೈಯನ್ನು ಸರಿಸಿದಳು.

"ಅವನಿಗೆ ಹೇಳ್ಬೇಡ," ಎಂದಳು, ಒಳಗೆ ಗಂಡ ಅಳುತ್ತಿದ್ದ ಕಡೆಗೆ ಕಣ್ಣು ತೋರಿಸಿ. "ಯಾವತ್ತೂ ಹೇಳ್ಬೇಡ. ಸತ್ತುಹೋಗ್ತಾನೆ."

ಚಳಿಗಾಲ ಶುರುವಾಗುವಾಗ ಇಂಗ್ಲಿಷರು ವಾಪಸಾಗುತ್ತಾರೆಂದು ಗೊತ್ತಾಯಿತು. ಅವರ ಹಿಂದೆ ಮಾಲ್ಟಾದವರೂ ಹೋಗಬೇಕು, ಉಳಿದರೆ ಹೇಗೂ ದಬ್ಬುತ್ತಾರೆ ಎಂದು ಸುದ್ದಿ. ನಮ್ಮ ಬೀದಿಯಲ್ಲಿ ಆಗಲೇ ಗಾಳಿ ತಿರುಗಿತ್ತು. ಎದುರುಸಾಲಿನಲ್ಲಿ ಮನೆ ಕಳೆದುಕೊಂಡವರು ಮೂರನೆಯ ಮಹಡಿಯ ಬಾಲ್ಕನಿಯನ್ನು ನೋಡಿ ಉಗುಳಿ ಹೋಗುತ್ತಿದ್ದರು. ಅವರನ್ನೂ ತಪ್ಪೆನ್ನಲು ನನಗೆ ಬಾಯಿಲ್ಲ, ಅವರ ಮೇಲೆ ತಿರುಗಿದ ಆ ಕೊಳವೆಯನ್ನು ನಾನೂ ನೋಡಿದ್ದೆ. ಒಂದು ಕಲ್ಲು ಬಂದು ಸಂತ ಜೋಸೆಫನ ಪಟದ ಗಾಜು ಒಡೆಯಿತು. ನನ್ನ ಮಗ ನಿಮ್ಮ ಪರವಾಗಿ ಸತ್ತ ಎಂದು ಕೂಗಿ ಹೇಳಬಹುದಿತ್ತು ವಿಸ್ತಿನ್. ಹೇಳಿದ್ದರೆ ಇಂಗ್ಲಿಷರ ಹಡಗಿನಲ್ಲಿ ಜಾಗ ಸಿಗುತ್ತಿರಲಿಲ್ಲ. ಹಡಗಿನವರ ಮುಂದೆ ಮಗನ ಹೆಸರು ಎತ್ತಬೇಡ ಎಂದು ಮಾಲ್ಟಾದ ಇತರರು ಅವನಿಗೆ ಬುದ್ಧಿ ಹೇಳಿದ್ದರು. ಹೀಗೆ ಹುಡುಗನನ್ನು ನಮ್ಮವನು ಎನ್ನುವುದಕ್ಕೆ ಎರಡೂ ಕಡೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಹೊರಡುವ ಬೆಳಿಗ್ಗೆ ನಾನು ಸಾಮಾನು ಕಟ್ಟಲು ಹೋದೆ. ಹಜ್ಜಾ ಮೊದಲೇ ಬಂದು ಮೊಟ್ಟೆ, ರೊಟ್ಟಿ, ಉಪ್ಪಿನ ನಿಂಬೆಕಾಯಿ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಳು. "ಉಮ್ಮು ಸಲ್ವು, ಉಮ್ಮು ಸಲ್ವು" ಎಂದಷ್ಟೇ ಹೇಳುತ್ತ ಪಾವ್ಲಾಳ ಲಂಗದ ಅಂಚನ್ನು ಹಿಡಿದುಕೊಂಡಿದ್ದಳು.

ಟ್ರಂಕು ನಡುಕೋಣೆಯಲ್ಲಿ ತೆರೆದಿತ್ತು. ಬಟ್ಟೆ, ಪಾತ್ರೆ, ಗಾಜಿಲ್ಲದ ಪಟ. ಎಲ್ಲ ತುಂಬಿದ ಮೇಲೆ ವಿಸ್ತಿನ್ ಬಾವುಟ ತಂದ. ಹರಿದ ಮೂಲೆಯನ್ನು ಒಳಕ್ಕೆ ಬರುವಂತೆ ಮಡಿಚಿ ಎಲ್ಲಕ್ಕಿಂತ ಮೇಲಿಟ್ಟ. ಇಂಗ್ಲೆಂಡಿನಲ್ಲಿ ಇಳಿದ ಕೂಡಲೇ ಪೆಟ್ಟಿಗೆ ತೆಗೆದು ನೋಡುತ್ತಾರೆ, ಮೊದಲು ಇದು ಕಾಣಲಿ, ನಾವೂ ಅವರ ಪೈಕಿಯೇ ಎಂದು ಗೊತ್ತಾಗಲಿ ಎಂದ. ನಾನು ಪಾವ್ಲಾಳ ಮುಖ ನೋಡಲಿಲ್ಲ. ಅವನು ಅಂಗೈಯಿಂದ ಬಟ್ಟೆಯ ಸುಕ್ಕು ತೀಡಿದ.

"ಒಂದೇ ಒಂದ್ಸಲ ಈ ಕಡೆ ಬಂದಿದ್ರೆ ಸಾಕಿತ್ತು ಕಣೇ," ಎಂದ ಹೆಂಡತಿಗೆ. "ಮೂಲೇವರೆಗೆ ಬಂದಿದ್ರೂ ಸಾಕಿತ್ತು. ಬಾವುಟ ಇತ್ತಲ್ಲ. ಯಾರೂ ಮುಟ್ತಿರ್ಲಿಲ್ಲ ಅವನ್ನ."

ಪಾವ್ಲಾ ಹೂಂ ಎಂದಳು. ಟ್ರಂಕು ಮೇಲಕ್ಕೆ ಉಬ್ಬಿತ್ತು, ಮುಚ್ಚಳ ಕೂರುತ್ತಿರಲಿಲ್ಲ. ಅವಳು ಹೋಗಿ ಅದರ ಮೇಲೆ ಕೂತಳು, ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿದಳು. ವಿಸ್ತಿನ್ ಬಗ್ಗಿ ಕೊಂಡಿ ಹಾಕಿದ.